ವಕ್ರರೇಖೆಯೊಳಗಿನ ನೆಲ

ಗಣಿತದ ವಿಷಯವಾಗಿ ಮಾತನಾಡಲು ಕನ್ನಡ ಎಂ.ಎ. ಮಾಡಿದವನೊಬ್ಬನು ಬಾನುಲಿಯ ಮೈಕಿನ ಮುಂದೆ ಬಂದು ಕುಳಿತರೆ ಕೇಳುಗರಿಗೆ ಆಶ್ಚರ್ಯವಾಗುವುದು ಸಹಜ. ಮೂವತ್ತೆರಡು ವರ್ಷ ಹಳಗನ್ನಡ ಕಾವ್ಯ, ಛಂದಸ್ಸು, ಕಾವ್ಯಮೀಮಾಂಸೆಗಳನ್ನು ಪಾಠ ಹೇಳಿ ನಿವೃತ್ತನಾದ ನನ್ನನ್ನು ಈ ಇಳಿವಯಸ್ಸಿನಲ್ಲಿ ಗಣಿತದ ಕಡೆಗೆ ತಿರುಗಿಸಿದ್ದು ಯಾವ ಮಹಾಗ್ರಂಥವೂ ಅಲ್ಲ. ನಮ್ಮ ತ್ಯಾಗರಾಜನಗರದ ಮನೆಯ ಮುಂದಿನ ಒಂದು ಸಣ್ಣ ಹುಲ್ಲುಹಾಸು. ಆ ಕಥೆಗೆ ಬರುವ ಮೊದಲು, ನಾನು ತರಗತಿಯಲ್ಲಿ ಪ್ರತಿವರ್ಷವೂ ತಪ್ಪದೆ ಆಡುತ್ತಿದ್ದ ಒಂದು ಮಾತನ್ನು ನಿಮಗೂ ಹೇಳಬೇಕು.

ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ ಕನ್ನಡಿಗರಿಗೆಲ್ಲ ಪರಿಚಿತವಾದುದು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಅರಸನ ಆಶ್ರಯದಲ್ಲಿ. ಅದೇ ಅರಸನನ್ನು ಆರಂಭದಲ್ಲಿಯೇ ಸ್ತುತಿಸುವ ಇನ್ನೊಂದು ಗ್ರಂಥವುಂಟು: ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು. ಆ ಗ್ರಂಥದಲ್ಲಿ ಆಯತವೃತ್ತ, ಅಂದರೆ ಉದ್ದಕ್ಕೆ ಎಳೆದ ವೃತ್ತ, ಎಂಬ ಆಕೃತಿಯ ಪ್ರಸ್ತಾಪ ಬರುತ್ತದೆ. ಇಂದಿನ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ದೀರ್ಘವೃತ್ತ. ಭಾರತದ ಪ್ರಾಚೀನ ಗಣಿತಗ್ರಂಥಗಳಲ್ಲಿ ಈ ಆಕೃತಿಯ ಲೆಕ್ಕಕ್ಕೆ ಕೈಹಾಕಿದವರು ಬಹಳ ವಿರಳ. ‘ನೋಡಿ, ಒಂಬತ್ತನೆಯ ಶತಮಾನದಲ್ಲಿಯೇ ನಮ್ಮ ನಾಡಿನಲ್ಲಿ ದೀರ್ಘವೃತ್ತದ ಸುತ್ತಳತೆಗೂ ಕ್ಷೇತ್ರಫಲಕ್ಕೂ ಸೂತ್ರ ಕೊಟ್ಟಿದ್ದರು’ ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಆ ಸೂತ್ರ ಸರಿಯೇ ಎಂದು ಅವರೂ ಕೇಳಲಿಲ್ಲ, ನಾನೂ ನೋಡಲಿಲ್ಲ.

ಎರಡು ವರ್ಷಗಳ ಹಿಂದೆ ಮನೆಯ ಮುಂದೆ ಒಂದಿಷ್ಟು ಹಸಿರು ಇರಲೆಂದು ಆಸೆಯಾಯಿತು. ಮಾಲಿ ಎರಡು ಗೂಟ ನೆಟ್ಟು, ಹಗ್ಗ ಕಟ್ಟಿ, ಅದನ್ನು ಬಿಗಿಯಾಗಿ ಎಳೆದುಕೊಂಡೇ ಕಡ್ಡಿಯಿಂದ ನೆಲವನ್ನು ಗೀರುತ್ತ ಸುತ್ತು ಬಂದು, ಅಚ್ಚುಕಟ್ಟಾದ ಒಂದು ದೀರ್ಘವೃತ್ತವನ್ನು ಬರೆದ. ಪೂರ್ವಪಶ್ಚಿಮವಾಗಿ ಹನ್ನೆರಡು ಅಡಿ ಉದ್ದ, ನಡುವೆ ನಾಲ್ಕು ಅಡಿ ಅಗಲ. ಅಂಚಿಗೆ ಎಷ್ಟು ಇಟ್ಟಿಗೆ, ಒಳಗೆ ಹಾಸಲು ಎಷ್ಟು ಚದರಡಿ ಹುಲ್ಲು ಎಂದು ಅವನು ಕೇಳಿದಾಗ, ನನಗೆ ಸುವರ್ಣಾವಕಾಶ ಒದಗಿದಂತಾಯಿತು. ಒಳಗೆ ಹೋಗಿ ಗಣಿತಸಾರಸಂಗ್ರಹವನ್ನು ತೆಗೆದೆ. ಆಚಾರ್ಯರ ಸ್ಥೂಲನಿಯಮ ಹೀಗಿದೆ: ಉದ್ದಕ್ಕೆ ಅಗಲದ ಅರ್ಧವನ್ನು ಸೇರಿಸಿ ಎರಡರಿಂದ ಗುಣಿಸಿದರೆ ಸುತ್ತಳತೆ; ಆ ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ. ಹನ್ನೆರಡಕ್ಕೆ ಎರಡು ಸೇರಿ ಹದಿನಾಲ್ಕು, ಅದರ ಎರಡರಷ್ಟು ಇಪ್ಪತ್ತೆಂಟು ಅಡಿ ಸುತ್ತಳತೆ. ಅಗಲದ ಕಾಲುಭಾಗ ಒಂದು ಅಡಿ. ಆದ್ದರಿಂದ ಕ್ಷೇತ್ರಫಲವೂ ಇಪ್ಪತ್ತೆಂಟು ಚದರಡಿ. ಅಷ್ಟನ್ನೇ ತರಿಸಿದೆ.

ಇಟ್ಟಿಗೆ ಸರಿಹೋಯಿತು, ಎರಡು ಉಳಿದೂ ಉಳಿಯಿತು. ಹುಲ್ಲು ಮಾತ್ರ ಸಾಲಲಿಲ್ಲ. ಹಾಸಿ ಮುಗಿಸಿದಾಗ ಪೂರ್ವದ ತುದಿಯಲ್ಲಿ ಹತ್ತಿರ ಹತ್ತಿರ ಹತ್ತು ಚದರಡಿ ಬೋಳುನೆಲ ಉಳಿದಿತ್ತು. ‘ಯಾರು ಮೇಷ್ಟ್ರೇ ಈ ಲೆಕ್ಕ ಹಾಕಿಕೊಟ್ಟಿದ್ದು?’ ಎಂದು ಮಾಲಿ ನಕ್ಕ. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಅಂದು ಸಂಜೆ, ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಮೊಮ್ಮಗಳು ಬಂದು ನೋಡಿ, ‘ತಾತ, ನೀವು ಇದಕ್ಕೆ ಸುತ್ತಳತೆಯನ್ನು ಯಾಕೆ ಹಿಡಿದಿರಿ?’ ಎಂದು ಕೇಳಿದಳು. ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ನಾನು ಕಲಿತ ಉತ್ತರ. ಅವಳು ಹೇಳಿಕೊಟ್ಟದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ಆಯತಾಕಾರದ ನೆಲಕ್ಕೆ ಕ್ಷೇತ್ರಫಲ ಕಂಡುಹಿಡಿಯುವುದು ಎಲ್ಲರೂ ಬಲ್ಲ ಕೆಲಸ: ಉದ್ದವನ್ನು ಅಗಲದಿಂದ ಗುಣಿಸುವುದು. ಅಂಚು ಬಾಗಿದ್ದರೆ ಏನು ಮಾಡಬೇಕು? ನೆಲವನ್ನು ತೀರ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಬೇಕು. ಪಟ್ಟಿ ಸಾಕಷ್ಟು ಕಿರಿದಾದರೆ ಅದರ ತಲೆಯ ಬಾಗು ಲೆಕ್ಕಕ್ಕೆ ಬಾರದಷ್ಟು ಕಡಿಮೆಯಾಗಿ, ಅದು ಆಯತವೇ ಆಗಿಬಿಡುತ್ತದೆ. ಎಲ್ಲ ಪಟ್ಟಿಗಳ ಎತ್ತರವನ್ನು ಅವುಗಳ ಕಿರಿದಾದ ಅಗಲದಿಂದ ಗುಣಿಸಿ ಕೂಡಿಸಿದರೆ ನೆಲದ ಫಲ ದೊರೆಯುತ್ತದೆ. ಪಟ್ಟಿಗಳನ್ನು ಮತ್ತೂ ಮತ್ತೂ ಕಿರಿದು ಮಾಡುತ್ತ ಹೋದಾಗ ಈ ಮೊತ್ತ ಯಾವ ಬೆಲೆಯಲ್ಲಿ ನೆಲೆಗೊಳ್ಳುತ್ತದೆಯೋ ಅದನ್ನು ಕಂಡುಹಿಡಿಯುವ ಶಾಸ್ತ್ರಕ್ಕೆ ಅನುಕಲನ ಎಂದು ಹೆಸರು.

ಇಲ್ಲೊಂದು ತೊಡಕಿದೆ. ಪಟ್ಟಿಯ ಎತ್ತರವನ್ನು ಹೇಳಬೇಕಾದರೆ, ‘ಇಷ್ಟು ದೂರದಲ್ಲಿ ಇಷ್ಟು ಎತ್ತರ’ ಎಂಬ ನಿಯಮ ಬೇಕು. ದೀರ್ಘವೃತ್ತದಲ್ಲಿ ಒಂದೊಂದು ದೂರದಲ್ಲಿಯೂ ಅಂಚು ಎರಡು ಕಡೆ ಸಿಕ್ಕುತ್ತದೆ, ಮೇಲೊಂದು, ಕೆಳಗೊಂದು. ಇನ್ನು ಕೆಲವು ವಕ್ರರೇಖೆಗಳು ತಮ್ಮನ್ನು ತಾವೇ ದಾಟಿ ಸುರುಳಿಯಾಗಿ ಹೋಗುತ್ತವೆ. ಅಂಥ ಕಡೆ ದೂರವನ್ನೂ ಎತ್ತರವನ್ನೂ ನೇರವಾಗಿ ಗಂಟುಹಾಕುವುದು ಕಷ್ಟ. ಆಗ ಗಣಿತಜ್ಞರು ಮೂರನೆಯವನೊಬ್ಬನನ್ನು ಮಧ್ಯಸ್ಥನಾಗಿ ಕರೆಯುತ್ತಾರೆ. ಆತನ ಹೆಸರು ಪ್ರಾಚಲ. ನಮ್ಮ ತಿಳಿವಿಗೆ ಸುಲಭವಾಗಲೆಂದು ಅವನನ್ನು ಕಾಲ ಎನ್ನೋಣ.

ಬಾನುಲಿ ಕೇಳುವವರಿಗೆ ಇದನ್ನು ತಿಳಿಸುವುದು ಸುಲಭ. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸಲಾಗುವುದಿಲ್ಲ. ಆದರೂ ಪಂದ್ಯದ ವೀಕ್ಷಕ ವಿವರಣೆಯನ್ನು ಕೇಳುತ್ತ ಕುಳಿತವನ ಕಣ್ಣಿಗೆ ಇಡೀ ಮೈದಾನವೇ ಕಟ್ಟುತ್ತದೆ. ಯಾಕೆಂದರೆ ವಿವರಣೆಕಾರ ಕ್ಷಣಕ್ಷಣಕ್ಕೂ ಚೆಂಡು ಎಲ್ಲಿದೆ ಎಂದು ಹೇಳುತ್ತಾನೆ. ವಕ್ರರೇಖೆಯನ್ನೂ ಹಾಗೆಯೇ ಹೇಳಬಹುದು. ರೇಖೆಯ ಮೇಲೆ ಒಂದು ಇರುವೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಈ ಕ್ಷಣದಲ್ಲಿ ಅದು ಪೂರ್ವಕ್ಕೆ ಎಷ್ಟು ದೂರ, ಉತ್ತರಕ್ಕೆ ಎಷ್ಟು ದೂರ ಎಂಬ ಎರಡು ವರದಿಗಳನ್ನು ಕಾಲಾನುಸಾರವಾಗಿ ಕೊಡುತ್ತಿದ್ದರೆ ರೇಖೆ ತಾನಾಗಿ ಮೂಡುತ್ತದೆ. ಈ ಎರಡು ವರದಿಗಳಿಗೇ ಪ್ರಾಚಲ ಸಮೀಕರಣಗಳೆಂದು ಹೆಸರು. ರೇಖೆ ಎಷ್ಟೇ ಸುರುಳಿ ಸುತ್ತಲಿ, ಇರುವೆ ಒಂದು ಕ್ಷಣದಲ್ಲಿ ಒಂದೇ ಕಡೆ ಇರುವುದರಿಂದ ಗೊಂದಲಕ್ಕೆ ಆಸ್ಪದವಿಲ್ಲ.

ಈಗ ಕ್ಷೇತ್ರಫಲ. ಪಟ್ಟಿಯ ಎತ್ತರವೆಂದರೆ ಆ ಕ್ಷಣದಲ್ಲಿ ಇರುವೆ ಇರುವ ಎತ್ತರ. ಪಟ್ಟಿಯ ಅಗಲವೆಂದರೆ ಆ ಕಿರುಕ್ಷಣದಲ್ಲಿ ಇರುವೆ ಪೂರ್ವಕ್ಕೆ ಸರಿದ ದೂರ, ಅಂದರೆ ಪೂರ್ವದಿಕ್ಕಿನ ವೇಗವನ್ನು ಕಿರುಕ್ಷಣದಿಂದ ಗುಣಿಸಿದ್ದು. ಆದ್ದರಿಂದ ನಿಯಮ ಇಷ್ಟೇ: ಪ್ರತಿಕ್ಷಣದ ಎತ್ತರವನ್ನು ಪ್ರತಿಕ್ಷಣದ ಪೂರ್ವವೇಗದಿಂದ ಗುಣಿಸಿ, ಇಡೀ ಕಾಲಾವಧಿಯಲ್ಲಿ ಕೂಡಿಸಬೇಕು.

ಹಿಂತಿರುಗಿ ಬರುವ ಅಂಚಿನ ಗತಿ ಏನು ಎಂದು ನೀವು ಕೇಳಬಹುದು. ನಮ್ಮ ಹುಲ್ಲುಹಾಸಿನ ದಕ್ಷಿಣಕ್ಕೆ ಕಾಂಪೌಂಡ್ ಗೋಡೆಯಿದೆ. ಎತ್ತರವನ್ನು ಆ ಗೋಡೆಯಿಂದ ಅಳೆಯೋಣ. ಇರುವೆ ಹುಲ್ಲುಹಾಸಿಗೆ ಪ್ರದಕ್ಷಿಣೆ ಬರುತ್ತಿದೆ. ಉತ್ತರದ ಅಂಚಿನಲ್ಲಿ ಪೂರ್ವಕ್ಕೆ ನಡೆಯುವಾಗ, ಆ ಅಂಚಿಗೂ ಗೋಡೆಗೂ ನಡುವಣ ನೆಲವೆಲ್ಲ ಲೆಕ್ಕಕ್ಕೆ ಜಮೆಯಾಗುತ್ತದೆ. ದಕ್ಷಿಣದ ಅಂಚಿನಲ್ಲಿ ಪಶ್ಚಿಮಕ್ಕೆ ಮರಳುವಾಗ ಪೂರ್ವವೇಗ ಋಣವಾಗುವುದರಿಂದ, ದಕ್ಷಿಣದ ಅಂಚಿಗೂ ಗೋಡೆಗೂ ನಡುವಣ ಬರಿನೆಲ ಖರ್ಚಾಗುತ್ತದೆ. ಜಮೆಯಿಂದ ಖರ್ಚು ಕಳೆದು ಉಳಿಯುವುದು ಹುಲ್ಲುಹಾಸಿನ ನೆಲವೊಂದೇ. ಇರುವೆ ಅಪ್ರದಕ್ಷಿಣೆಯಾಗಿ ನಡೆದರೆ ಇದೇ ಉತ್ತರ ಋಣಚಿಹ್ನೆಯೊಡನೆ ಬರುತ್ತದೆ. ಗೋಡೆಯ ಬದಲು ಹುಲ್ಲುಹಾಸಿನ ನಡುಗೆರೆಯಿಂದಲೇ ಎತ್ತರವನ್ನು ಅಳೆದರೂ ಫಲ ಬದಲಾಗದು. ಆಗ ದಕ್ಷಿಣಾರ್ಧದಲ್ಲಿ ಎತ್ತರವೂ ಋಣ, ವೇಗವೂ ಋಣ. ಎರಡರ ಗುಣಲಬ್ಧ ಧನ.

ಇನ್ನು ಲೆಕ್ಕ ಮಾಡೋಣ. ಮೊದಲು ಒಂದು ಅಡಿ ತ್ರಿಜ್ಯದ ವೃತ್ತದ ಮೇಲೆ ನಿಮಿಷಕ್ಕೆ ಒಂದು ಅಡಿಯಂತೆ ಇರುವೆಯನ್ನು ನಡೆಸಿ. ಒಂದು ಸುತ್ತಿಗೆ ಎರಡು ಪೈ, ಅಂದರೆ ಸುಮಾರು 6.28 ನಿಮಿಷ. ಪಶ್ಚಿಮದ ತುದಿಯಿಂದ ಹೊರಟ ಇರುವೆ ನಡುಗೆರೆಯಿಂದ ಎಷ್ಟು ಮೇಲಿದೆ ಎಂಬುದನ್ನು ನಮ್ಮ ಪ್ರಾಚೀನರು ಜ್ಯಾ ಎಂದರು. ಬಿಲ್ಲಿನ ಹೆದೆ ಎಂಬ ಅರ್ಥದ ಈ ಮಾತು ಅರಬರ ಬಾಯಲ್ಲಿ ರೂಪ ಬದಲಾಯಿಸಿ, ಲ್ಯಾಟಿನ್ನಿಗೆ ತಪ್ಪಾಗಿ ಅನುವಾದಗೊಂಡು, ಕೊನೆಗೆ ಸೈನ್ ಎಂದು ನಮ್ಮ ಶಾಲೆಗಳಿಗೇ ಮರಳಿ ಬಂದಿದೆ. ಇದರ ಜೊತೆಗಾತಿ ಕೋಜ್ಯಾ, ಈಗಿನ ಕೊಸೈನ್. ಹೊರಟ ಕ್ಷಣದಲ್ಲಿ ಇರುವೆಯ ಎತ್ತರ ಸೊನ್ನೆ. ಆಗ ಅದು ನೇರ ಉತ್ತರಕ್ಕೆ ಮುಖ ಮಾಡಿರುವುದರಿಂದ ಪೂರ್ವವೇಗವೂ ಸೊನ್ನೆ. ನೆತ್ತಿಯನ್ನು ತಲುಪಿದಾಗ ಎತ್ತರ ಒಂದು. ಆಗ ಅದು ನೇರ ಪೂರ್ವಕ್ಕೆ ನಡೆಯುವುದರಿಂದ ವೇಗವೂ ಒಂದು. ನಡುವಿನ ಕ್ಷಣಗಳಲ್ಲಿಯೂ ಹಾಗೆಯೇ: ಎತ್ತರ ಎಷ್ಟೋ ಪೂರ್ವವೇಗವೂ ಅಷ್ಟೇ, ಎರಡೂ ಜ್ಯಾ.

ನಮ್ಮ ಹುಲ್ಲುಹಾಸು ಈ ವೃತ್ತವನ್ನೇ ಎಳೆದು ಮಾಡಿದ್ದು. ಅದರ ಅರ್ಧ ಅಗಲ ಎರಡು ಅಡಿ, ಅರ್ಧ ಉದ್ದ ಆರು ಅಡಿ. ಆದ್ದರಿಂದ ಅದರ ಅಂಚಿನಲ್ಲಿ ನಡೆಯುವ ಇರುವೆಯ ಎತ್ತರ ಜ್ಯಾದ ಎರಡರಷ್ಟು, ಪೂರ್ವವೇಗ ಜ್ಯಾದ ಆರರಷ್ಟು. ಗುಣಿಸಿದರೆ ಜ್ಯಾವರ್ಗದ ಹನ್ನೆರಡರಷ್ಟು. ಒಂದು ಪೂರ್ಣ ಸುತ್ತಿನಲ್ಲಿ ಜ್ಯಾವರ್ಗ ಎಷ್ಟು ಕೂಡುತ್ತದೆ ಎಂಬುದೊಂದೇ ಉಳಿದ ಪ್ರಶ್ನೆ. ಲಂಬಕೋನ ತ್ರಿಭುಜದ ನಿಯಮದಂತೆ ಯಾವ ಕ್ಷಣದಲ್ಲಿಯೂ ಜ್ಯಾವರ್ಗ, ಕೋಜ್ಯಾವರ್ಗ ಎರಡೂ ಸೇರಿ ಒಂದು. ಸುತ್ತಿನಲ್ಲಿ ಇಬ್ಬರೂ ಒಂದೇ ಬೆಲೆಗಳನ್ನು ಹಾದುಹೋಗುತ್ತಾರೆ, ಒಬ್ಬರು ಕಾಲುಸುತ್ತು ಹಿಂದೆ ಮುಂದೆ ಅಷ್ಟೆ. ಆದ್ದರಿಂದ ಒಂದನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳಬೇಕು. ಒಬ್ಬೊಬ್ಬರ ಸರಾಸರಿ ಅರ್ಧ. ಅರ್ಧವನ್ನು ಎರಡು ಪೈ ನಿಮಿಷಗಳಿಂದ ಗುಣಿಸಿದರೆ ಪೈ. ಹೀಗಾಗಿ ಹುಲ್ಲುಹಾಸಿನ ಕ್ಷೇತ್ರಫಲ ಪೈಯ ಹನ್ನೆರಡರಷ್ಟು, ಅಂದರೆ ಸುಮಾರು 37.7 ಚದರಡಿ. ನಾನು ತರಿಸಿದ್ದು 28. ಬೋಳುನೆಲದ ಲೆಕ್ಕ ಸರಿಹೋಯಿತು.

ಈ ಉಪಾಯ ಒಂದೇ ಆಕೃತಿಗೆ ಕಟ್ಟುಬಿದ್ದದ್ದಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ನಮ್ಮ ಬೀದಿಯಲ್ಲಿ ಹುಡುಗನೊಬ್ಬ ಸೈಕಲ್ ತುಳಿಯುತ್ತಿದ್ದಾನೆ. ಅದರ ಟೈರಿನ ಮೇಲೆ ಒಂದು ಸುಣ್ಣದ ಬೊಟ್ಟು ಇಡಿ. ಚಕ್ರ ಉರುಳಿದಂತೆ ಆ ಬೊಟ್ಟು ನೆಲದಿಂದ ಎದ್ದು, ಕಮಾನಿನಂತೆ ಬಾಗಿ, ಮತ್ತೆ ನೆಲ ಮುಟ್ಟುತ್ತದೆ. ಈ ಕಮಾನಿನ ಕೆಳಗಿನ ಜಾಗ ಎಷ್ಟು? ಗೆಲಿಲಿಯೋ ಇದಕ್ಕೆ ಉತ್ತರ ಕಾಣದೆ, ಲೋಹದ ತಗಡಿನಲ್ಲಿ ಕಮಾನನ್ನೂ ಚಕ್ರವನ್ನೂ ಕತ್ತರಿಸಿ ತಕ್ಕಡಿಯಲ್ಲಿ ತೂಗಿ ನೋಡಿದ. ಕಮಾನು ಚಕ್ರದ ಸುಮಾರು ಮೂರರಷ್ಟು ತೂಗಿತು; ಆದರೂ ಅದು ಸರಿಯಾಗಿ ಮೂರೇ ಇರಲಾರದೆಂದು ಆತ ಸಂಶಯಪಟ್ಟ. ಫ್ರಾನ್ಸಿನ ರೊಬೆರ್ವಾಲ್ 1634ರಲ್ಲಿ ಅದು ಸರಿಯಾಗಿ ಮೂರೇ ಎಂದು ಸಾಧಿಸಿದ. 1644ರಲ್ಲಿ ಇಟಲಿಯ ಟಾರಿಚೆಲ್ಲಿ ತನ್ನ ಸಾಧನೆಯನ್ನು ಪ್ರಕಟಿಸಿದ.

ನಮ್ಮ ನಿಯಮವನ್ನು ಇಲ್ಲಿಗೆ ಹಚ್ಚಿ ನೋಡಿ. ಚಕ್ರದ ತ್ರಿಜ್ಯ ಒಂದು ಅಡಿ, ಅದರ ಅಚ್ಚು ನಿಮಿಷಕ್ಕೆ ಒಂದು ಅಡಿ ಮುಂದುವರಿಯುತ್ತದೆ ಎನ್ನಿ. ಬೊಟ್ಟು ನೆಲ ಮುಟ್ಟಿದ ಕ್ಷಣದಿಂದ ಕಾಲವನ್ನು ಎಣಿಸಿದರೆ, ಅದರ ಎತ್ತರ ಒಂದರಲ್ಲಿ ಕೋಜ್ಯಾವನ್ನು ಕಳೆದಷ್ಟು. ಅದರ ಮುನ್ನಡೆಯ ವೇಗವೂ ಅಷ್ಟೇ: ನೆಲ ಮುಟ್ಟಿದಾಗ ಬೊಟ್ಟು ಒಂದು ಕ್ಷಣ ನಿಂತೇ ಇರುತ್ತದೆ, ನೆತ್ತಿಯಲ್ಲಿರುವಾಗ ಅಚ್ಚಿನ ಎರಡರಷ್ಟು ವೇಗದಲ್ಲಿ ಓಡುತ್ತದೆ. ಎತ್ತರವನ್ನು ವೇಗದಿಂದ ಗುಣಿಸಿದರೆ ಮೂರು ಪದಗಳು ಬರುತ್ತವೆ: ಒಂದು, ಕಳೆಯಬೇಕಾದ ಎರಡು ಕೋಜ್ಯಾ, ಕೂಡಬೇಕಾದ ಕೋಜ್ಯಾವರ್ಗ. ಪೂರ್ಣ ಸುತ್ತಿನಲ್ಲಿ ಮೊದಲನೆಯದು ಎರಡು ಪೈ ಆಗುತ್ತದೆ. ಕೋಜ್ಯಾ ಅರ್ಧಕಾಲ ಧನ, ಅರ್ಧಕಾಲ ಋಣವಾಗಿರುವುದರಿಂದ ಎರಡನೆಯದು ಸೊನ್ನೆಯಾಗುತ್ತದೆ. ಮೂರನೆಯದು ನಾವು ಆಗಲೇ ಕಂಡಂತೆ ಪೈ. ಒಟ್ಟು ಮೂರು ಪೈ. ಚಕ್ರದ ಕ್ಷೇತ್ರಫಲ ಒಂದು ಪೈ. ಗೆಲಿಲಿಯೋ ತೂಗಿ ಸಂಶಯಪಟ್ಟದ್ದನ್ನು ಇಂದು ನಾಲ್ಕು ಸಾಲಿನಲ್ಲಿ ನಿಸ್ಸಂಶಯವಾಗಿ ಹೇಳಬಹುದಾಗಿದೆ.

ಈಗ ಮಹಾವೀರಾಚಾರ್ಯರ ಕಡೆಗೆ ಮರಳೋಣ. ಅವರು ಕೊಟ್ಟ ಉದಾಹರಣೆಯಲ್ಲಿ ಆಯತವೃತ್ತದ ಉದ್ದ 36, ಅಗಲ 12. ನನ್ನ ಹುಲ್ಲುಹಾಸಿನ ಪ್ರಮಾಣವೇ. ಅವರ ಸ್ಥೂಲನಿಯಮದಂತೆ ಸುತ್ತಳತೆ 84. ಅವರೇ ಕೊಟ್ಟ ಸೂಕ್ಷ್ಮನಿಯಮದಂತೆ ಅದು 6048ರ ವರ್ಗಮೂಲ, ಸುಮಾರು 77.8. ನಿಜವಾದ ಸುತ್ತಳತೆ ಸುಮಾರು 80.2. ದೀರ್ಘವೃತ್ತದ ಸುತ್ತಳತೆಗೆ ಇಂದಿಗೂ ಸರಳವಾದ ಪೂರ್ಣಸೂತ್ರವಿಲ್ಲ; 1914ರಲ್ಲಿ ಶ್ರೀನಿವಾಸ ರಾಮಾನುಜನ್ ಅವರಂಥವರೂ ಅಂದಾಜಿನ ಸೂತ್ರವನ್ನೇ, ಅತಿನಿಖರವಾದದ್ದನ್ನು, ಕೊಟ್ಟರು. ಅಂಥ ಕಠಿಣ ವಿಷಯದಲ್ಲಿ ಒಂಬತ್ತನೆಯ ಶತಮಾನದ ಲೆಕ್ಕ ಇಷ್ಟು ಹತ್ತಿರ ಬಂದಿರುವುದು ಸಾಮಾನ್ಯವಲ್ಲ. ನನ್ನ ಇಟ್ಟಿಗೆ ಸರಿಹೋದದ್ದು ಅದರಿಂದಲೇ.

ಆದರೆ ಕ್ಷೇತ್ರಫಲ? ಸ್ಥೂಲವಾಗಿ 252, ಸೂಕ್ಷ್ಮವಾಗಿ ಸುಮಾರು 233. ನಿಜವಾದದ್ದು 339ಕ್ಕೂ ಮಿಗಿಲು. ಸೂಕ್ಷ್ಮವೆನಿಸಿದ ಲೆಕ್ಕವೇ ಹೆಚ್ಚು ದೂರ ಸರಿದಿದೆ. ಎಡವಿದ್ದು ಎಲ್ಲಿ ಎಂಬುದನ್ನೂ ಕಾಣಬಹುದು. ವೃತ್ತವನ್ನು ನಡುಬಿಂದುವಿನಿಂದ ಸಣ್ಣ ಸಣ್ಣ ತ್ರಿಕೋನದ ಹೋಳುಗಳಾಗಿ ಕತ್ತರಿಸಿದರೆ ಎಲ್ಲ ಹೋಳುಗಳ ಎತ್ತರವೂ ತ್ರಿಜ್ಯವೇ. ಆದ್ದರಿಂದ ವ್ಯಾಸದ ಕಾಲುಭಾಗವನ್ನು ಸುತ್ತಳತೆಯಿಂದ ಗುಣಿಸಿದರೆ ಫಲ ಸಿಕ್ಕುತ್ತದೆ. ವೃತ್ತಕ್ಕೆ ಸಲ್ಲುವ ಈ ನಿಯಮವನ್ನು ಆಚಾರ್ಯರು ಆಯತವೃತ್ತಕ್ಕೂ ಹಚ್ಚಿದರು. ಅಲ್ಲಿ ಹೋಳುಗಳ ಎತ್ತರ ಸಮನಾಗಿಲ್ಲ. 6ರಿಂದ 18ರವರೆಗೆ ಬದಲಾಗುತ್ತದೆ. ಎಲ್ಲದಕ್ಕೂ ಅತಿಚಿಕ್ಕದಾದ 6ನ್ನೇ ಹಿಡಿದದ್ದರಿಂದ ಫಲ ಕುಗ್ಗಿತು. ಸುತ್ತಳತೆಯನ್ನು ಮರೆತು, 6 ತ್ರಿಜ್ಯದ ವೃತ್ತವನ್ನು ಒಂದೇ ದಿಕ್ಕಿಗೆ ಮೂರರಷ್ಟು ಎಳೆದರೆ ನೆಲವೂ ಮೂರರಷ್ಟಾಗುತ್ತದೆ ಎಂದುಕೊಂಡಿದ್ದರೆ ಉತ್ತರ ಕೈಯಲ್ಲೇ ಇತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ದೀರ್ಘವೃತ್ತದ ಫಲವನ್ನು ವೃತ್ತದೊಡನೆ ಹೋಲಿಸಿಯೇ ಸಾಧಿಸಿದ್ದ. ಕಷ್ಟವಾದ ಸುತ್ತಳತೆ ಆಚಾರ್ಯರಿಗೆ ಬಹುಮಟ್ಟಿಗೆ ಒಲಿಯಿತು. ಸುಲಭವಾದ ಕ್ಷೇತ್ರಫಲ, ಆ ಸುತ್ತಳತೆಯನ್ನೇ ಆಶ್ರಯಿಸಿದ್ದರಿಂದ ಕೈತಪ್ಪಿತು. ‘ಸುತ್ತಳತೆಯನ್ನು ಯಾಕೆ ಹಿಡಿದಿರಿ?’ ಎಂದು ಮೊಮ್ಮಗಳು ಕೇಳಿದ್ದು ಈ ಮರ್ಮವನ್ನೇ.

ಇದನ್ನೆಲ್ಲ ತಿಳಿದ ಮೇಲೆ ನನಗೆ ಕೆಲವು ದಿನ ಮನಸ್ಸು ಸರಿಯಿರಲಿಲ್ಲ. ಹಿರಿಯರ ಲೆಕ್ಕ ತಪ್ಪಿತಲ್ಲ ಎಂಬುದಕ್ಕಲ್ಲ. ಮೂವತ್ತೆರಡು ವರ್ಷ ಪರೀಕ್ಷಿಸದೆ ಹೊಗಳಿದೆನಲ್ಲ ಎಂಬುದಕ್ಕೆ. ಆಮೇಲೆ ಒಂದು ಸಂಗತಿ ಹೊಳೆದು ಸಮಾಧಾನವಾಯಿತು. ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದದ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಯಾವುದು ದೋಷ, ಯಾವುದು ದೋಷವಲ್ಲ ಎಂದು ವಿವೇಚಿಸಿ ನಿರ್ಣಯಿಸುವುದರಿಂದಲೇ ಆ ಗ್ರಂಥ ಕಾವ್ಯದ ಮಾತನ್ನು ಆರಂಭಿಸುತ್ತದೆ. ಮಹಾವೀರಾಚಾರ್ಯರು ಸ್ತುತಿಸಿದ ಅರಸನ ಆಶ್ರಯದಲ್ಲಿಯೇ ಆ ವಿವೇಚನೆ ಶಾಸ್ತ್ರವಾಗಿ ನೆಲೆಗೊಂಡಿತ್ತು. ಹಾಗಿರುವಾಗ ಅವರ ಒಂದು ಸೂತ್ರದಲ್ಲಿ ದೋಷವನ್ನು ತೋರಿಸುವುದು ಅವರಿಗೆ ಅಗೌರವವಾಗುವುದು ಹೇಗೆ? ಇತರರು ಮುಟ್ಟದ ಆಕೃತಿಯನ್ನು ಮುಟ್ಟಿದರು ಎಂಬುದು ಅವರ ಗುಣ; ಫಲ ತಪ್ಪಿತು ಎಂಬುದು ಆ ಸೂತ್ರದ ದೋಷ. ಎರಡನ್ನೂ ಒಟ್ಟಿಗೆ ಹೇಳಬಲ್ಲವನ ಅಭಿಮಾನವೇ ಅಭಿಮಾನ.

ಪೂರ್ವದ ತುದಿಗೆ ಬೇಕಾದ ಹತ್ತು ಚದರಡಿ ಹುಲ್ಲನ್ನು ಮರುವಾರ ತರಿಸಿ ಹಾಕಿಸಿದೆ. ಹೊಸ ಹುಲ್ಲಿನ ಬಣ್ಣ ಮೊದಲಿನದಕ್ಕೆ ಇನ್ನೂ ಪೂರ್ತಿಯಾಗಿ ಹೊಂದಿಕೊಂಡಿಲ್ಲ. ದಾರಿಯಲ್ಲಿ ಹೋಗುವವರಿಗೂ ಅದು ಕಾಣುತ್ತದೆ. ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ.